ಬಾಗಿದ ಹಾಳೆಯ ನೆನಪು

ಸೆಪ್ಟೆಂಬರ್ 2, ಸೋಮವಾರ

ಅಕ್ಕನ ಮಗಳು ಇಂದು ನನ್ನ ಕೈಗೆ ಎರಡು ನೋಟುಪುಸ್ತಕ ಕೊಟ್ಟಳು. "ಮಾಮ, ನೀನು ಏನೇನು ಮಾಡ್ತೀಯೋ ಎಲ್ಲ ಬರೀಬೇಕು. ತಾರೀಕು, ಗಂಟೆ, ಯಾವ ಸಾಮಾನು ಮುಟ್ಟಿದೆ, ಎಲ್ಲ. ಇದು ಪ್ರಯೋಗಾಲಯ, ಹರಟೆ ಕಟ್ಟೆ ಅಲ್ಲ" ಎಂದಳು. ಒಂದನ್ನು ಅವಳ ಮಾತಿನಂತೆ ಕೆಲಸಕ್ಕೆ ಇಟ್ಟಿದ್ದೇನೆ. ಇನ್ನೊಂದು ಇದು. ಇದನ್ನು ಬರೆಯುವವನೂ ನಾನು, ಓದುವವನೂ ನಾನೇ. ಇಷ್ಟು ಒಳ್ಳೆಯ ಬರಹಗಾರನಿಗೆ ಇಷ್ಟು ಒಳ್ಳೆಯ ಓದುಗ ಸಿಗುವುದು ಅಪರೂಪ.

ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ದಾಟದ ನನಗಾಗಿ ಡಾಕ್ಟರೇಟು ಮಾಡಿದವರೆಲ್ಲ ಬಾಗಿಲಲ್ಲಿ ಕಾಯುತ್ತಾರೆ. ಕಾರಣ ಲೇತು, ಲೋಹ ಕಡೆಯುವ ಯಂತ್ರ. ಮೂವತ್ತೊಂದು ವರ್ಷ ಅದರ ಮುಂದೆ ನಿಂತಿದ್ದೇನೆ. ಈ ಕಟ್ಟಡದಲ್ಲಿ ನಾನು ತಿರುವದ ತಿರುಪಿಲ್ಲ.

ಹುಡುಗಿಯ ಕೆಲಸ ಹೀಗೆ: ಅಭ್ರಕದ ತೆಳು ಹಾಳೆಯ ಮೇಲೆ ಲೋಹದ ಆಕ್ಸೈಡಿನ ಒಂದು ಪದರ. ತಲೆಗೂದಲಿನ ದಪ್ಪವನ್ನು ನಾಲ್ಕು ಸಾವಿರ ಪಾಲು ಮಾಡಿ ಒಂದು ಪಾಲು ತೆಗೆದಿಟ್ಟಷ್ಟು ತೆಳು.

"ಅದು ಅಲ್ಲಿದೆ ಅಂತ ಹೇಗೆ ಗೊತ್ತು?" ಎಂದು ಕೇಳಿದೆ.

"ಬಣ್ಣ ನೋಡು, ಸ್ವಲ್ಪ ಬೂದಿ." ನೋಡಿದೆ. ಇದ್ದರೂ ಇರಬಹುದು.

"ಅದರೊಳಗೆ ಕೋಟಿಗಟ್ಟಲೆ ಪುಟಾಣಿ ಸೂಜಿಗಲ್ಲು ಇವೆ ಅಂದ್ಕೋ ಮಾಮ. ಒಂದು ಮೇಲೆ ನೋಡಿದ್ರೆ ಪಕ್ಕದ್ದು ಕೆಳಗೆ ನೋಡುತ್ತೆ. ಕೂಡಿಸಿದ್ರೆ ಸೊನ್ನೆ. ಹಾಳೇನ ಬಾಗಿಸಿದ್ರೆ ಪದರ ಎಳೆದಂಗೆ ಆಗುತ್ತೆ, ಅಣುಗಳ ನಡುವಿನ ಜಾಗ ಚೂರು ಬದಲಾಗುತ್ತೆ. ಆಗ ಎಲ್ಲ ಒಂದೇ ಕಡೆ ತಿರುಗಬಹುದು, ಪದರ ಕಾಂತ ಆಗಬಹುದು. ಬಿಟ್ಟರೆ ಮತ್ತೆ ಸೊನ್ನೆ. ನಾನು ನೋಡ್ಬೇಕಿರೋದು ಅಷ್ಟೇ."

"ಗದರಿಸಿದಾಗ ಮಾತ್ರ ಸಾಲಲ್ಲಿ ನಿಲ್ಲೋ ಶಾಲೆ ಮಕ್ಕಳು ಅನ್ನು."

"ಹೂಂ, ಅನ್ನು."

ಬಾಗಿಸಲು ತಾಮ್ರದ ಅಚ್ಚು ಮಾಡಿಕೊಟ್ಟಿದ್ದೇನೆ. ಹೆಬ್ಬೆರಳ ಉಗುರಿನಷ್ಟು ಅಗಲ, ಬೆನ್ನು ಉಬ್ಬಿದ್ದು. ಆಮ್ಲದಲ್ಲಿ ತೊಳೆದದ್ದೂ ಆಯಿತು. ಕಣ್ಣಿಗೆ ಕಾಣದಷ್ಟು ಕಬ್ಬಿಣದ ಪುಡಿ ತಾಗಿದರೂ ಕೆಟ್ಟಿತಂತೆ. ಅದಕ್ಕೇ ಹಾಳೆ ಹಿಡಿಯಲು ಪ್ಲಾಸ್ಟಿಕ್ ಚಿಮಟ. ಉಕ್ಕಿನದು ಮುಟ್ಟಿದರೆ ಕೈ ಮುರಿಯುತ್ತೇನೆ ಎಂದಿದ್ದಾಳೆ. ವರ್ಷದ ಕೊನೆಗೆ ಅವಳ ಕೆಲಸದ ಅವಧಿ ಮುಗಿಯುತ್ತದೆ. ಅಷ್ಟರಲ್ಲಿ ಇದರಿಂದ ಒಂದು ಲೇಖನ ಹೊರಟರೆ ಪ್ರಯೋಗಾಲಯದ ದೊಡ್ಡ ಮೇಡಂ ಉಳಿಸಿಕೊಳ್ಳುತ್ತಾರೆ. ಇಲ್ಲದಿದ್ದರೆ ಇಲ್ಲ.

ಸೆಪ್ಟೆಂಬರ್ 5, ಗುರುವಾರ

ಪ್ಲಾಸ್ಟಿಕ್ ಚಿಮಟ ಎಂದರೆ ಸತ್ತ ಮೀನಿನ ಬಾಲ. ಹಾಳೆಯನ್ನು ಅಚ್ಚಿನ ಮೇಲೆ ಬಾಗಿಸಿ ಅಂಚು ಒತ್ತುವಾಗ ಜಾರಿತು, ಹಾಳೆ ಹಾರಿ ನೆಲಕ್ಕೆ ಬಿದ್ದು ಸೀಳಿತು. ಹುಡುಗಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂರು ವಾರದ ಕೆಲಸ ಅದು.

ಮಧ್ಯಾಹ್ನ ಮನೆಗೆ ಹೋಗಿ ಅಕ್ಕನ ಚಿಮಟ ತಂದೆ.

ಅಕ್ಕ ಗಡಿಯಾರ ರಿಪೇರಿ ಮಾಡುತ್ತಿದ್ದಳು. ಎರಡು ಬಾಗಿಲಿನ ಅಂಗಡಿ, ಕಣ್ಣಿಗೆ ಕಪ್ಪು ಭೂತಗನ್ನಡಿ, ಮೊಣಕೈ ಮೇಜಿಗೆ ಊರಿದರೆ ಮೂರು ಗಂಟೆ ಅಲುಗುವವಳಲ್ಲ. ಗಡಿಯಾರಕ್ಕೆ ಕಾಂತ ತಾಗಬಾರದೆಂದು ಹುಡುಕಿ ತಂದ ಚಿಮಟ ಇದು. ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಹಿಡಿದು ನೋಡಿದೆ, ಅಂಟಲಿಲ್ಲ. ಉಕ್ಕಾದರೂ ಸಾಧು ಉಕ್ಕು. ಹುಡುಗಿಯ ಕಾಯಿದೆ ಇದಕ್ಕೆ ಅನ್ವಯಿಸುವುದಿಲ್ಲವೆಂದು ನಾನೇ ತೀರ್ಪು ಕೊಟ್ಟೆ.

ಅಕ್ಕ ಹೋದಮೇಲೆ ಹನ್ನೊಂದು ವರ್ಷ ಡಬ್ಬಿಯಲ್ಲಿದ್ದು ತುದಿ ಮೊಂಡಾಗಿತ್ತು. ನನ್ನ ಸಾಣೆಕಲ್ಲಿಗೆ ನಾಲ್ಕು ಸಲ ಎಳೆದೆ, ಸೊಳ್ಳೆಯ ಮೀಸೆ ಕೀಳುವಷ್ಟು ಚೂಪಾಯಿತು. ಅಕ್ಕ ಇದ್ದಿದ್ದರೆ ಮುಟ್ಟಲೂ ಬಿಡುತ್ತಿರಲಿಲ್ಲ.

ಸಂಜೆ ಹುಡುಗಿ ಆಚೆ ಹೋದಾಗ ಇನ್ನೊಂದು ಹಾಳೆ ಕೂರಿಸಿದೆ. ಒಂದೇ ಸಲಕ್ಕೆ ಕೂತಿತು. ಕೆಲಸದ ಪುಸ್ತಕದಲ್ಲಿ "ಚಿಮಟದಿಂದ ಬಾಗಿಸಿದೆ" ಎಂದು ಬರೆದೆ. ಯಾವ ಚಿಮಟ ಎಂದು ಯಾರೂ ಕೇಳಿಲ್ಲ.

ಸೆಪ್ಟೆಂಬರ್ 6, ಶುಕ್ರವಾರ

ಅಳತೆಯ ಕೋಣೆಯ ಒಡೆಯನಿಗೆ ಉಶ್‌ರಾಯರು ಎಂದು ನಾನಿಟ್ಟ ಹೆಸರು. ಯಂತ್ರ ನಡೆಯುವಾಗ ಯಾರು ಕೆಮ್ಮಿದರೂ "ಉಶ್!" ಎನ್ನುತ್ತಾರೆ. ಒಳಗೆ ಹೋಗುವ ಮುಂಚೆ ಬೀಗದ ಕೈ, ಫೋನು, ಕೈಗಡಿಯಾರ, ಎಲ್ಲ ಹೊರಗಿನ ಬುಟ್ಟಿಗೆ. ಹಾಳೆಯನ್ನು ಆಳೆತ್ತರದ ತಣ್ಣನೆಯ ಪಾತ್ರೆಯೊಳಗೆ ಇಳಿಸುತ್ತಾರೆ. ಸುತ್ತಲಿನ ಕಾಂತದ ಬಲ ಏರಿಸಿ ಇಳಿಸಿದಂತೆ ಪರದೆಯ ಮೇಲೆ ಗೆರೆ ಬೀಳುತ್ತದೆ. ಹಾಳೆಯಲ್ಲಿ ಏನೂ ಇಲ್ಲದಿದ್ದರೆ ಗೆರೆ ಹೋದ ದಾರಿಯಲ್ಲೇ ಮರಳುತ್ತದೆ. ಕಾಂತವಿದ್ದರೆ ಬೇರೆ ದಾರಿಯಲ್ಲಿ ಮರಳಿ ನಡುವೆ ಹೊಟ್ಟೆ ಬಿಡುತ್ತದೆ.

ಮೊನ್ನೆ ಹುಡುಗಿ ಇದೇ ಹಾಳೆಯನ್ನು ತಾನೇ ಮಟ್ಟಸವಾಗಿ ಇಟ್ಟು ಅಳೆಸಿದ್ದಾಗ ಹೊಟ್ಟೆ ಇರಲಿಲ್ಲ. ಇಂದು, ಬಾಗಿದ ಮೇಲೆ, ತುಂಬಿದ ಹೊಟ್ಟೆ! ಹುಡುಗಿ ನನ್ನ ತೋಳು ಚಿವುಟಿದಳು. ಆಮೇಲೆ ನಾನು ಹಾಳೆಯನ್ನು ಅಚ್ಚಿನಿಂದ ಬಿಡಿಸಿ ಮಟ್ಟಸ ಮಾಡಿಕೊಟ್ಟೆ. ಸೊನ್ನೆಯಾಗಬೇಕಿತ್ತು. ಆಗಲಿಲ್ಲ. ಹೊಟ್ಟೆ ಹಾಗೇ ಇತ್ತು.

ಹುಡುಗಿ ಬಹಳ ಹೊತ್ತು ಪರದೆ ನೋಡಿದಳು.

"ಮಾಮ, ಎಳೆತ ಹೋದ್ಮೇಲೂ ಇದಕ್ಕೆ ನೆನಪಿದೆ."

ಅವಳು ಹಾಗೆಂದಾಗ ಹಿಂದೆ ಯಾರೋ ಸ್ಟೂಲು ಎಳೆದಂತಾಯಿತು. ತಿರುಗಿ ನೋಡಿದೆ. ಸ್ಟೂಲು ಗೋಡೆಗೆ ಒರಗಿಯೇ ಇತ್ತು.

ಸೆಪ್ಟೆಂಬರ್ 11, ಬುಧವಾರ

ಎರಡನೆಯ ಹಾಳೆಗೂ ನೆನಪಿದೆ. ದೊಡ್ಡ ಮೇಡಂ ಖುದ್ದು ಕೆಳಗಿಳಿದು ಬಂದರು. "ಯಾರು ಕೂರಿಸಿದ್ದು?" "ನಾನೇ ಮೇಡಂ. ಕೈಗುಣ." ಅವರು ನಕ್ಕರು. ಕ್ಯಾಂಟೀನಿನಲ್ಲಿ ನಾಲ್ಕು ಮೇಜಿಗೆ ಕೇಳುವಂತೆ ಲಿಫ್ಟಿನ ಕಥೆ ಹೇಳಿದೆ: ಆಸ್ಪತ್ರೆಯ ಲಿಫ್ಟು ಕೆಟ್ಟು ನಿಂತಾಗ, ಕಂಪನಿಯ ಮೆಕ್ಯಾನಿಕ್ಕು ತಲೆ ಕೆರೆಯುತ್ತಿದ್ದಾಗ, ಒಂದು ಚಮಚದಲ್ಲಿ ನಾನು ಅದನ್ನು ಎಬ್ಬಿಸಿದ್ದು. ಈ ಕಥೆ ಒಮ್ಮೆಯೂ ಸೋತಿಲ್ಲ.

ಹುಡುಗಿ ನಗಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಕೇಳಿದಳು: "ಅಮ್ಮ ಕೊನೇಲಿ ಏನಂದಿದ್ದು, ಇನ್ನೊಂದ್ಸಲ ಹೇಳು ಮಾಮ."

ಹೇಳಿದೆ. ಅಕ್ಕ ನನ್ನ ಕೈ ಹಿಡಿದಳು, ಚಿಮಟದ ಡಬ್ಬಿ ಕೊಟ್ಟಳು, "ನನ್ನ ಮಗಳು ದೊಡ್ಡ ಕೆಲಸ ಮಾಡ್ತಾಳೆ, ನೀನು ಅವಳ ಬೆನ್ನಿಗಿರು" ಎಂದು ಕಣ್ಣು ಮುಚ್ಚಿದಳು. ಹನ್ನೊಂದು ವರ್ಷದಿಂದ ಒಂದಕ್ಷರ ಬದಲಿಸದೆ ಹೇಳುತ್ತಿದ್ದೇನೆ.

"ಇವತ್ತು ಇದ್ದಿದ್ರೆ" ಎಂದಳು. ಅಷ್ಟೇ.

ಸೆಪ್ಟೆಂಬರ್ 17, ಮಂಗಳವಾರ

ಮೂರನೆಯದಕ್ಕೂ ನೆನಪಿದೆ. ಲೇಖನದ ಶಿರೋನಾಮೆಯಲ್ಲೇ ಆ ಮಾತು ಬರುತ್ತದಂತೆ. ಮುಂದಿನ ತಿಂಗಳು ನಾಲ್ಕಕ್ಕೆ ಕಳಿಸುತ್ತಾರೆ.

ಅಳತೆಯ ಕೋಣೆಯಲ್ಲಿ ಟಿಕ್ ಟಿಕ್ ಕೇಳಿಸುತ್ತದೆ. ಮೊದಲು ನನ್ನ ಕಿವಿಯೇ ಅಂದುಕೊಂಡೆ. ಇಂದು ಉಶ್‌ರಾಯರೂ ತಲೆ ಎತ್ತಿದರು: "ಯಾರ್ರೀ ಅದು, ಗಡಿಯಾರ ಒಳಗೆ ತಂದೋರು?" ಎಲ್ಲರ ಕೈಯೂ ಖಾಲಿ. "ವಾಲ್ವ್ ಇರಬೇಕು" ಎಂದೆ. ನನಗೆ ಗೊತ್ತಿಲ್ಲದ ಸದ್ದು ಈ ಕಟ್ಟಡದಲ್ಲಿ ಇರಕೂಡದು.

ಆದರೆ ವಾಲ್ವಿಗೆ ಅಕ್ಕನ ಅಂಗಡಿಯ ಗಡಿಯಾರದೆಣ್ಣೆಯ ವಾಸನೆ ಇರುವುದಿಲ್ಲ. ತಣ್ಣನೆಯ ಪಾತ್ರೆಯ ಹೊಳಪಿನಲ್ಲಿ ನಮ್ಮ ಮೂವರ ಬಿಂಬ ಸೊಟ್ಟಗೆ ಕಾಣುತ್ತದೆ. ಎಣಿಸಿದೆ. ಮೂರೇ. ಎರಡನೆಯ ಸಲ ಯಾಕೆ ಎಣಿಸಿದೆನೋ.

ಸೆಪ್ಟೆಂಬರ್ 23, ಸೋಮವಾರ

ಮೂರು ದಿನ ಜ್ವರ, ಮನೆಯಲ್ಲೇ ಇದ್ದೆ. ಈ ಮಧ್ಯೆ ಹುಡುಗಿ ನಾಲ್ಕನೆಯ ಹಾಳೆಯನ್ನು ತಾನೇ, ಪ್ಲಾಸ್ಟಿಕ್ ಚಿಮಟದಲ್ಲಿ, ಅರ್ಧ ದಿನ ತೆಗೆದುಕೊಂಡು ಕೂರಿಸಿದಳಂತೆ. ಬಾಗಿದಾಗ ಸಣ್ಣ ಹೊಟ್ಟೆ. ಬಿಟ್ಟಾಗ ಏನೂ ಇಲ್ಲ.

"ನೆನಪು ಹೋಯ್ತು ಮಾಮ" ಎಂದು ಫೋನು ಮಾಡಿದಳು. ಯಾರೋ ತೀರಿಕೊಂಡಂತೆ ಹೇಳಿದಳು.

"ನಾನು ಬರ್ತೀನಿ ಇರು. ನನ್ನ ಕೈ ಬಿದ್ರೆ ಸರಿಹೋಗುತ್ತೆ."

ಸೆಪ್ಟೆಂಬರ್ 25, ಬುಧವಾರ

ಅದೇ ನಾಲ್ಕನೆಯ ಹಾಳೆ ನಾನು ಕೂರಿಸಿದೆ. ನೆನಪು ಬಂತು.

ಇಡೀ ಕಟ್ಟಡಕ್ಕೆ ಸಾರಿಕೊಂಡು ಬರಬೇಕಿತ್ತು, ಬರಲಿಲ್ಲ. ಇನ್ನೂ ಸ್ವಲ್ಪ ಸುಸ್ತಿದೆ. ಹುಡುಗಿ ನನ್ನ ಎರಡೂ ಅಂಗೈ ತಿರುಗಿಸಿ ನೋಡಿದಳು.

"ಏನಿದೆ ಮಾಮ ನಿನ್ನ ಕೈಯಲ್ಲಿ?"

"ಆಯುಷ್ಯರೇಖೆ ಉದ್ದ ಇದೆ."

"ತಮಾಷೆ ಮಾಡ್ಬೇಡ. ನಾನು ಒತ್ತೋದು ಕಮ್ಮಿಯಾಗ್ತಿದೆಯಾ? ನಾನು ನಿದ್ದೆ ಮಾಡಿ ನಾಲ್ಕು ದಿನ ಆಯ್ತು."

ಅವಳ ಕಣ್ಣ ಸುತ್ತ ಅಕ್ಕನಿಗೆ ಭೂತಗನ್ನಡಿ ಒತ್ತಿ ಬೀಳುತ್ತಿದ್ದಂಥದೇ ಕಪ್ಪು ವರ್ತುಲ.

ಸೆಪ್ಟೆಂಬರ್ 27, ಶುಕ್ರವಾರ

ಬೆಳಿಗ್ಗೆ ನನಗೆ ತುಂಟತನ ಹತ್ತಿತು. ಮನಸ್ಸು ಹಗುರಾಗಲೆಂದು ಉಶ್‌ರಾಯರಿಗೆ ಒಂದು ಮೋಸ ಮಾಡೋಣವೆನ್ನಿಸಿತು. ಪದರವೇ ಇಲ್ಲದ ಬರಿಯ ಅಭ್ರಕದ ತುಂಡನ್ನು ಅಕ್ಕನ ಚಿಮಟದಿಂದ ಅಚ್ಚಿಗೆ ಬಾಗಿಸಿ, ಬಿಡಿಸಿ, ಡಬ್ಬಿಗೆ ಹಾಕಿ "ಐದನೇ ಹಾಳೆ" ಎಂದು ಚೀಟಿ ಹಚ್ಚಿದೆ. ಖಾಲಿ ಹಾಳೆಯ ಮುಂದೆ ಗಂಟೆಗಟ್ಟಲೆ "ಉಶ್" ಎನ್ನಲಿ, ಆಮೇಲೆ ಹೇಳಿ ನಗೋಣ ಎಂದು.

ಹನ್ನೊಂದೂವರೆಗೆ ಕರೆದರು. "ಬನ್ನಿ ಬನ್ನಿ, ನಿಮ್ಮ ಕೈಗುಣ ನೋಡಿ."

ಪರದೆಯ ಮೇಲೆ ಹೊಟ್ಟೆ ಬಿಟ್ಟ ಗೆರೆ. ಅದೇ ಆಕಾರ. ಅದೇ ನೆನಪು.

ಏನೂ ಇಲ್ಲದ ಹಾಳೆಗೆ ಯಾವುದರ ನೆನಪು?

ನಾನು ನಗಲಿಲ್ಲ. ಬರಿ ಹಾಳೆ ಎಂದು ಹೇಳಲೂ ಇಲ್ಲ. ಉಶ್‌ರಾಯರು ನನ್ನ ಮುಖ ನೋಡಿ ನೀರು ಕೊಟ್ಟರು. ಟಿಕ್ ಟಿಕ್ ನನ್ನ ಬೆನ್ನ ಹಿಂದೆಯೇ ಇತ್ತು.

ಸೆಪ್ಟೆಂಬರ್ 28, ಶನಿವಾರ

ಬರೆಯುವಂಥದೇನೂ ಇಲ್ಲ.

ಸೆಪ್ಟೆಂಬರ್ 30, ಸೋಮವಾರ

ಎಲ್ಲರಿಗಿಂತ ಮುಂಚೆ ಕಾರ್ಯಾಗಾರಕ್ಕೆ ಹೋದೆ. ಕಿಟಕಿಯಿಂದ ಬಿಸಿಲು ಸಾಣೆಕಲ್ಲಿನ ಮೇಲೆ ಬಿದ್ದಿತ್ತು. ಕಲ್ಲಿನ ಗೀರುಗಳಲ್ಲಿ ಬೂದು ಬಣ್ಣದ ಪುಡಿ. ಅಯಸ್ಕಾಂತ ತೋರಿಸಿದೆ. ಪುಡಿ ಕೂದಲು ನಿಮಿರಿದಂತೆ ಎದ್ದು ನಿಂತಿತು.

ಮೂವತ್ತೊಂದು ವರ್ಷ ನಾನು ಆ ಕಲ್ಲಿನ ಮೇಲೆ ಉಳಿ, ಬೈರಿಗೆ, ಏನೆಲ್ಲ ಮಸೆದಿದ್ದೇನೆ. ಎಲ್ಲ ಕಬ್ಬಿಣ. ಅದೇ ಕಲ್ಲಿಗೆ ಚಿಮಟದ ತುದಿ ಎಳೆದೆ. ಅಂದು ಅಯಸ್ಕಾಂತ ಹಿಡಿದದ್ದು ಮಸೆಯುವ ಮುಂಚೆ. ಚಿಮಟ ಸಾಧುವೇ. ತುದಿಗೆ ಮೆತ್ತಿದ ಕಬ್ಬಿಣ ನನ್ನದು. ಹಾಳೆಯ ಅಂಚು ಒತ್ತಿದಾಗಲೆಲ್ಲ ಒಂದಿಷ್ಟು ಅದಕ್ಕಂಟಿತು. ಹಾಳೆ ಬಾಗಿದರೂ ಮಟ್ಟಸವಾದರೂ ಆ ಕಬ್ಬಿಣ ಎಲ್ಲಿಗೆ ಹೋಗುತ್ತದೆ? ಅದೇ ನೆನಪು.

ಇನ್ನೊಂದು ವಿಷಯ. ಇದನ್ನು ಎಲ್ಲಿಯೂ ಬರೆದಿಲ್ಲ.

ಹನ್ನೊಂದು ವರ್ಷದ ಹಿಂದೆ ಆಸ್ಪತ್ರೆಯಲ್ಲಿ ಅಕ್ಕನ ಪಕ್ಕ ಕೂತಿದ್ದೆ. ಹುಡುಗಿ ಪರೀಕ್ಷೆ ಬರೆಯಲು ಹೋಗಿದ್ದಳು. ಹೊರಗೆ ಲಿಫ್ಟು ನಿಂತಿತೆಂದು ಗಲಾಟೆ. ನನ್ನ ಕಾಲು ನಿಲ್ಲಲಿಲ್ಲ, ಎದ್ದೆ. ಬಾಗಿಲ ಬಳಿ ಇದ್ದಾಗ ಅಕ್ಕ ಕರೆದಳು. ಡಬ್ಬಿ ದಿಂಬಿನ ಪಕ್ಕ ಇತ್ತು, ನನ್ನ ಕೈಗೆ ಯಾರೂ ಕೊಡಲಿಲ್ಲ. ನನ್ನನ್ನು ನೋಡಿ ಅವಳು ಹೇಳಿದ್ದು ಇಷ್ಟು: "ನನ್ನ ಚಿಮಟಾನ ನಿನ್ನ ಕಲ್ಲಿಗೆ ಹಚ್ಬೇಡ ಕಣೋ."

"ಆಯ್ತು ಮಾರಾಯ್ತಿ" ಎಂದು ಓಡಿದೆ. ಲಿಫ್ಟು ಎದ್ದಿತು, ಜನ ಚಪ್ಪಾಳೆ ತಟ್ಟಿದರು. ಅದೇ ಲಿಫ್ಟಿನಲ್ಲಿ ಮೇಲೆ ಬಂದೆ. ನರ್ಸು ಅಕ್ಕನ ಹಾಸಿಗೆಯ ಸುತ್ತ ಪರದೆ ಎಳೆಯುತ್ತಿದ್ದಳು.

ಸಂಜೆ ಹುಡುಗಿ ಬಂದು "ಏನಾದ್ರೂ ಅಂದ್ಳಾ?" ಎಂದು ಕೇಳಿದಾಗ, ಚಿಮಟದ ಮಾತು ತೀರಾ ಸಣ್ಣದು ಎನ್ನಿಸಿತು. ದೊಡ್ಡದೊಂದು ಹೇಳಿದೆ.

ಅಕ್ಕ, ನೀನು ಅಷ್ಟು ಸ್ಪಷ್ಟವಾಗಿ ಹೇಳಿದ್ದೆ.

ಅಕ್ಟೋಬರ್ 2, ಬುಧವಾರ

ಗಾಂಧಿ ಜಯಂತಿಯ ರಜೆಯಾದರೂ ಎಲ್ಲರೂ ಬಂದಿದ್ದೆವು; ಲೇಖನ ನಾಡಿದ್ದು ಹೊರಡುತ್ತದೆ. ಹುಡುಗಿ ಹೊಸ ಅಂಗಿ ಹಾಕಿಕೊಂಡು ಬಂದಿದ್ದಳು. ಮೇಡಂ ಅವಳ ಭುಜ ತಟ್ಟಿದರು. ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಒಂದು ವರ್ಷ, ಎರಡು ವರ್ಷ. ಆಮೇಲೆ ಬೇರೆ ಯಾವುದೋ ಊರಿನವರು ಇದನ್ನೇ ಮಾಡಿ ನೋಡಿ, ನೆನಪು ಸಿಗದೆ, ಅವಳ ಹೆಸರು ಹಿಡಿದು ಕೇಳುತ್ತಾರೆ.

ಅಕ್ಕ, ನೀನು ಅಂಗಡಿಯಲ್ಲಿ ಗಿರಾಕಿಗೆ "ಇದು ನಾನೇ ಕೆಡಿಸಿದ್ದು, ಇರಿ ಸರಿ ಮಾಡ್ತೀನಿ" ಎನ್ನುತ್ತಿದ್ದೆಯಲ್ಲ, ಆಗ ನಿನ್ನ ಮುಖ ಹೇಗಿರುತ್ತಿತ್ತು? ನೆನಪು ಮಾಡಿಕೊಳ್ಳುತ್ತಿದ್ದೇನೆ, ಸಿಗುತ್ತಿಲ್ಲ.

ಅಕ್ಟೋಬರ್ 3, ಗುರುವಾರ

ಹೇಳಿದೆ.

ಕೆಲಸದ ಪುಸ್ತಕ, ಚಿಮಟ, ಸಾಣೆಕಲ್ಲು, ಬರಿ ಹಾಳೆಯ ಡಬ್ಬಿ, ನಾಲ್ಕನ್ನೂ ಅವಳ ಮೇಜಿನ ಮೇಲಿಟ್ಟು ಹೇಳಿದೆ. ಅವಳ ಮುಖದ ಬಣ್ಣ ಇಳಿಯಿತು. ಚಿಮಟದ ತುದಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ಬಹಳ ಹೊತ್ತು ನೋಡಿದಳು.

"ಐದು ಸಲ ಹೇಳಿದ್ದೆ ಮಾಮ. ಉಕ್ಕು ಮುಟ್ಟಬೇಡ ಅಂತ ಐದು ಸಲ."

"ಹೌದು."

"ಎಲ್ಲರ ಮುಂದೆ ನೆನಪು, ನೆನಪು ಅಂತ ಕುಣಿದೆ ನಾನು."

"ಹೌದು."

"ಬರೀ ಹೌದು ಅನ್ಬೇಡ, ಏನಾದ್ರೂ ಹೇಳು!"

ಅವಳು ಎದ್ದು ಮೇಡಂ ಕೋಣೆಗೆ ಹೋದಳು, ಅರ್ಧ ಗಂಟೆ ಬಿಟ್ಟು ಬಂದಳು. ಲೇಖನ ನಿಂತಿತು. ನಾನು ಇನ್ನು ಮುಂದೆ ಹಾಳೆ ಮುಟ್ಟುವಂತಿಲ್ಲ, ನನಗೆ ಲೇತು ಮಾತ್ರ. ಅದು ನ್ಯಾಯವೇ. ಕಣ್ಣು ಕೆಂಪಾಗಿತ್ತು ಅವಳಿಗೆ. ಚಿಮಟವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದಳು.

"ಹೋಗ್ಲಿ ಬಿಡು ಮಾಮ. ಅಮ್ಮ ಸಾಯೋವಾಗ ನಿನ್ನ ಕೈಗೆ ಕೊಟ್ಟಿದ್ದು. ಅದನ್ನ ಹಿಡ್ಕೊಂಡು ನಂಗೆ ಸಹಾಯ ಮಾಡೋಕೆ ಹೋದೆ. ಅಮ್ಮನ ಮಾತಿಗೆ ನಡ್ಕೊಂಡೋನ ಮೇಲೆ ನಾನೇನು ಸಿಟ್ಟು ಮಾಡ್ಲಿ?"

ಬೈಗುಳ ತಡೆದುಕೊಂಡಿದ್ದೆ. ಇದನ್ನು ತಡೆಯಲಾಗಲಿಲ್ಲ.

"ಕೊಡಲಿಲ್ಲ" ಎಂದೆ. "ಅವಳು ಕೊಡಲಿಲ್ಲ. ನಾನು ಅಲ್ಲಿರಲೂ ಇಲ್ಲ."

ಲಿಫ್ಟಿನಿಂದ ಹಿಡಿದು ಎಲ್ಲ ಹೇಳಿದೆ. ಬಾಗಿಲ ಬಳಿ ಅಕ್ಕ ಕರೆದು ಹೇಳಿದ ಮಾತನ್ನೂ ಹೇಳಿದೆ, ಅವಳು ಹೇಳಿದ ಹಾಗೆಯೇ, ಕೊನೆಯ "ಕಣೋ" ಸಮೇತ.

ನಾನು ನೆಲ ನೋಡುತ್ತಿದ್ದೆ. ಆಮೇಲೆ ಒಂದು ಸದ್ದು ಬಂತು. ಅಳುತ್ತಿದ್ದಾಳೆಂದು ತಲೆ ಎತ್ತಿದೆ. ಅಳುತ್ತಿದ್ದಳು, ನಗುತ್ತಲೂ ಇದ್ದಳು.

"ಕಲ್ಲಿಗೆ ಹಚ್ಬೇಡ ಅಂದ್ಳಾ?"

"ಹೂಂ."

"ಸಾಯೋವಾಗ?"

"ಹೂಂ."

"ಇದು ಅಮ್ಮ" ಎಂದಳು. "ಇದು ನಮ್ಮಮ್ಮನೇ. ಆ ಇನ್ನೊಂದು ಮಾತನ್ನ ಎಷ್ಟು ಸಲ ನಿನ್ನ ಬಾಯಲ್ಲಿ ಕೇಳಿದ್ದೀನಿ ಗೊತ್ತಾ? ಒಂದ್ಸಲಾನೂ ಅಮ್ಮನ ದನೀಲಿ ಕೇಳಿಸ್ತಿರ್ಲಿಲ್ಲ. ನಂಗೇ ಅವಳ ದನಿ ಮರ್ತುಹೋಯ್ತು ಅಂದ್ಕೊಂಡಿದ್ದೆ."

ಸ್ವಲ್ಪ ಹೊತ್ತು ಬಿಟ್ಟು ಮುಖ ತೊಳೆದು ಬಂದು, "ನಿನ್ನ ಮೇಲೆ ಸಿಟ್ಟಿದೆ. ಇವತ್ತು ನನ್ನ ಜೊತೆ ಬರ್ಬೇಡ, ಒಬ್ಳೇ ಹೋಗ್ತೀನಿ" ಎಂದಳು. ಒಬ್ಬಳೇ ಹೋದಳು.

ಅಕ್ಟೋಬರ್ 16, ಬುಧವಾರ

ಹೊಸ ಹಾಳೆ. ಅವಳೇ ಕೂರಿಸಿದಳು. ಪ್ಲಾಸ್ಟಿಕ್ ಚಿಮಟದ ತುದಿಗೆ ಹಿಡಿತ ಬರಲೆಂದು ನಾನು ಹೊರಗೇ ಕೂತು ಒಂದು ಪ್ಲಾಸ್ಟಿಕ್ ಹಿಡಿಕೆ ಮಾಡಿಕೊಟ್ಟೆ, ಕಬ್ಬಿಣ ಸೋಕದ ಹೊಸ ಪಿಂಗಾಣಿ ಅಲಗಿನಿಂದ. ಚೆನ್ನಾಗಿದೆ ಎಂದಳು.

ಬಾಗಿದಾಗ ಸಣ್ಣ ಹೊಟ್ಟೆ. ಕಣ್ಣು ಕಿರಿದು ಮಾಡಿ ನೋಡಬೇಕು, ಆದರೆ ಇದೆ. ಬಿಟ್ಟಾಗ ಗೆರೆ ಹೋದ ದಾರಿಯಲ್ಲೇ ಮರಳಿತು. ಮತ್ತೆ ಬಾಗಿಸಿದಾಗ ಮತ್ತೆ ಬಂತು. ಹದಿನಾಲ್ಕು ಸಲ ಮಾಡಿದಳು, ಹದಿನಾಲ್ಕು ಸಲವೂ ಹಾಗೆಯೇ. ಮೇಡಂ ಗೆರೆಗಳನ್ನು ಒಂದರ ಮೇಲೊಂದು ಇಟ್ಟು ನೋಡಿ, "ಸಣ್ಣದು. ಆದ್ರೆ ನಿಜ" ಎಂದರು. ಮಾರ್ಚ್‌ವರೆಗೆ ಅವಳನ್ನು ಇಟ್ಟುಕೊಳ್ಳುತ್ತಾರೆ, ಆಮೇಲಿನದು ಆಮೇಲೆ. ಹುಡುಗಿ ಮೇಜಿಗೆ ತಲೆಯಿಟ್ಟು ಹಗಲಲ್ಲೇ ನಿದ್ದೆ ಹೋದಳು.

ಅಕ್ಕನ ಡಬ್ಬಿ ಅವಳ ಮೇಜಿನ ಮೇಲಿದೆ. ಪ್ರಯೋಗಾಲಯದ ಪದ್ಧತಿಯಂತೆ ಬಿಳಿ ಚೀಟಿ ಹಚ್ಚಿದ್ದಾಳೆ: "ಕಲ್ಲಿಗೆ ಹಚ್ಬೇಡ ಕಣೋ."

ಕ್ಯಾಂಟೀನಿನಲ್ಲಿ ಉಶ್‌ರಾಯರು, "ಹೊಸಬರು ಬಂದಿದ್ದಾರೆ, ಲಿಫ್ಟಿನ ಕಥೆ ಹೇಳಿ" ಎಂದರು. ಹೇಳಿದೆ. ಮೇಲೆ ಹೋದಾಗ ಪರದೆ ಎಳೆಯುತ್ತಿದ್ದರು ಎನ್ನುವವರೆಗೂ ಹೇಳಿದೆ. ಯಾರೂ ನಗಲಿಲ್ಲ. ಕಥೆ ಮೊದಲ ಸಲ ಸೋತಿತು. ಟೀ ಆರಿತ್ತು, ಕುಡಿದೆ.

ಸಂಜೆ ಅಳತೆಯ ಕೋಣೆಯಲ್ಲಿ ಒಬ್ಬನೇ ಇದ್ದಾಗ ಟಿಕ್ ಟಿಕ್ ಎಲ್ಲಿಂದೆಂದು ಹುಡುಕಿದೆ. ವಾಲ್ವೇ. ತಣ್ಣನೆಯ ಪಾತ್ರೆಯ ಹಿಂಬದಿ ಒಂದು ಸಣ್ಣ ವಾಲ್ವು, ತಿರುಪು ಕಾಲು ಸುತ್ತು ಸಡಿಲ. ಎರಡು ನಿಮಿಷದ ಕೆಲಸ.

ಬಿಗಿ ಮಾಡಲಿಲ್ಲ. ಗೋಡೆಗೆ ಒರಗಿದ್ದ ಸ್ಟೂಲು ಎಳೆದುಕೊಂಡು ಆ ಸದ್ದು ಕೇಳುತ್ತ ಸ್ವಲ್ಪ ಹೊತ್ತು ಕೂತು ಬಂದೆ.